ಸೊಟ್ಟ ಕತ್ತಿನ ಪೆಟ್ಟಿಗೆ

ಅಂಗಡಿ, ಅಟ್ಟದ ಕೆಳಗಿನ ಮೇಜು
ಹದಿನಾಲ್ಕನೇ ತಾರೀಖು, ಮಂಗಳವಾರ

ಪ್ರೀತಿಯ ಇವಳಿಗೆ,

ಈ ಇಡೀ ಪ್ರಕರಣಕ್ಕೆ ತಗಲಿದ್ದು ಇಷ್ಟು: ಒಂದು ಗಾಜಿನ ಫಲಕ, ಅದನ್ನು ತೂಗುಹಾಕಲು ಮೊಳೆ ಹೊಡೆದಾಗ ಉದುರಿದ ಅಂಗೈಯಗಲ ಗಾರೆ, ಮೂರು ಚೀಲ ಮಡಿಸಿದ ರಟ್ಟು, ಒಂದು ಟ್ಯಾಂಕು ನೀರು, ಮತ್ತು ನೀನು. ನೋಡು, ಕ್ಷೇಮ ಕೇಳುವ ಮೊದಲೇ ಲೆಕ್ಕಕ್ಕೆ ಕೂತೆ. ನಿನ್ನ ತಂಗಿಯ ಮಂಡಿ ಹೇಗಿದೆ? ಮೆಟ್ಟಿಲು ಹತ್ತುತ್ತಾಳೋ, ಇನ್ನೂ ಗೋಡೆ ಹಿಡಿದೇ ಓಡಾಟವೋ? ನಿನ್ನ ಮಣಿಕಟ್ಟಿನ ನೋವಾದರೂ ಇಳಿದಿರಬೇಕು, ಅಲ್ಲಿ ರಟ್ಟು ಮಡಿಸುವ ಕೆಲಸವಿಲ್ಲವಲ್ಲ. ಇಲ್ಲಿ ಮಗಳೂ ನಾನೂ ಚೆನ್ನಾಗಿದ್ದೇವೆ. ಅಡುಗೆ ಅವಳದು, ಉಣ್ಣುವ ಧೈರ್ಯ ನನ್ನದು.

ಇನ್ನು ಮುಂದಿನದು ನಿನಗೆ ಅರ್ಧ ಗೊತ್ತಿರುವುದೇ. ನನ್ನ ಕೈಬರಹದಲ್ಲಿ ಒಮ್ಮೆ ಇರಲಿ ಎಂದು ಬರೆಯುತ್ತಿದ್ದೇನೆ. ದೀಪದಂಗಡಿಯವರ ಗಾಜಿನ ದೀಪಗಳು ನಮ್ಮ ಪೆಟ್ಟಿಗೆಯಲ್ಲಿ ಊರು ಮುಟ್ಟುವ ಮೊದಲೇ ಒಡೆಯುತ್ತಿದ್ದವು. ಅವುಗಳನ್ನು ಉಳಿಸಿದ ರಟ್ಟಿನ ಮಡಿಕೆ ನಿನ್ನದು. ಅಟ್ಟದಿಂದ ಇಳಿಸಿ, ಅವರ ಮುಂದಿಟ್ಟು, ಆರ್ಡರು ಹಿಡಿದವನು ಮಾತ್ರ ನಾನು. ವ್ಯಾಪಾರಿಗಳ ಸಂಘದವರು ಫಲಕ ಕೊಟ್ಟು, ಇಂಥ ಉಪಾಯ ಹೇಗೆ ಬಂತೆಂದು ಕೇಳಿದಾಗ, ಮೈಕಿನ ಮುಂದೆ ನಿಂತು, ‘ಸ್ನಾನ ಮಾಡುವಾಗ ಥಟ್ಟನೆ ಹೊಳೀತು’ ಎಂದೆ. ನೀನು ಎರಡನೇ ಸಾಲಿನಲ್ಲಿದ್ದೆ. ಮನೆಯಲ್ಲಿ ಮಾತೆತ್ತಿದರೆ ‘ಇವಳೇ’ ಎಂದು ಕೂಗುವ ಬಾಯಿಗೆ ಅಲ್ಲಿ ನಿನ್ನ ನೆನಪಾಗಲಿಲ್ಲ ಎಂದರೆ ಅದು ಇನ್ನೊಂದು ಸುಳ್ಳು. ನೆನಪಾಗಿತ್ತು. ಚಪ್ಪಾಳೆಯನ್ನು ಪಾಲು ಮಾಡಲು ಮನಸ್ಸಾಗಲಿಲ್ಲ. ಮನೆಗೆ ಬಂದೆವು. ಬೀಗ ತೆಗೆಯುವಾಗ, ‘ಹಾಗಾದ್ರೆ ಬಚ್ಚಲಲ್ಲೇ ಅಂಗಡಿ ಹಾಕ್ಕೊಳ್ಳಿ’ ಅಂದೆ. ಮರುದಿನವೇ ನಿನ್ನ ತಂಗಿಗೆ ಮಂಡಿ ನೋವು ಶುರುವಾಯಿತು.

ನೀನು ಹೋದ ಮೇಲೆ ಮಾಡಿದ್ದು ನಿನಗೆ ಗೊತ್ತಿಲ್ಲದ ಅರ್ಧ. ದಿನಾ ಬೆಳಿಗ್ಗೆ ಅಂಗಡಿಯ ಷಟರ್ ಎತ್ತುವ ಮೊದಲು ಕತ್ತರಿಸಿ ಉಳಿದ ರಟ್ಟಿನ ಒಂದು ತುಂಡು ಹಿಡಿದು ಕೂರುತ್ತಿದ್ದೆಯಲ್ಲ, ಅಂಟು ಹಚ್ಚದೆ ಒಂದು ಹೊಸ ಮಡಿಕೆ, ನಿನ್ನೆಯದು ಇವತ್ತು ಬರಕೂಡದು ಎಂದು. ಮಾಡಿದ್ದೆಲ್ಲ ಅಟ್ಟ ಸೇರುತ್ತಿತ್ತು. ನಾನದನ್ನು ರಟ್ಟಿನ ಜಪ ಎಂದು ಆಡಿಕೊಳ್ಳುತ್ತಿದ್ದೆ. ಫಲಕ ನೋಡಲು ಜನ ಬರುತ್ತಾರೆಂದು ಅಟ್ಟ ಗುಡಿಸಿದೆ. ನೋಡಲು ಲಕ್ಷಣವಾಗಿದ್ದ ನಾಲ್ಕಾರನ್ನು ಗಾಜಿನ ಕಪಾಟಿನಲ್ಲಿ ಜೋಡಿಸಿ, ಸೊಟ್ಟ, ಹರಕು, ಕಾಲಿಲ್ಲದ್ದು ಎಲ್ಲವನ್ನೂ ಚೀಲಕ್ಕೆ ತುಂಬಿ ರದ್ದಿಯವನಿಗೆ ಕೊಟ್ಟುಬಿಟ್ಟೆ. ಒಳ್ಳೆಯ ಕೆಲಸ ಮಾಡಿದೆನೆಂದು ಕೈಯನ್ನೂ ಝಾಡಿಸಿಕೊಂಡೆ.

ಹೋದ ತಿಂಗಳು ದೀಪದವರು ಹೊಸ ದೀಪ ತಂದರು. ಕತ್ತು ಪಕ್ಕಕ್ಕೆ ವಾಲಿದೆ, ಯಾವ ಪೆಟ್ಟಿಗೆಗೂ ಕೂರುವುದಿಲ್ಲ. ‘ನಿಮಗೇನು ಸ್ವಾಮಿ, ಇನ್ನೊಂದು ಸ್ನಾನ ಮಾಡಿದ್ರಾಯ್ತು’ ಎಂದು ನಕ್ಕು ಹೋದರು. ನಾನು ನಿಜವಾಗಿಯೂ ಮಾಡಿದೆ ಕಣೇ. ಟ್ಯಾಂಕು ಖಾಲಿಯಾಯಿತು, ನೆಗಡಿ ಬಂತು, ಬೇರೇನೂ ಬರಲಿಲ್ಲ. ಆಗ ಮಗಳು ಹೇಳಿದಳು, ‘ಅಮ್ಮ ಒಂದು ಸೊಟ್ಟ ಕತ್ತಿನ ಪೆಟ್ಟಿಗೆ ಮಾಡಿದ್ಳಲ್ಲಪ್ಪಾ, ನೀವೇ ಬಾತುಕೋಳಿ ಅಂತ ನಕ್ಕಿದ್ರಿ.’ ರದ್ದಿಯವನ ಬಳಿಗೆ ಓಡಿದೆ. ಎಲ್ಲ ನೆನೆದು ಕಾಗದದ ಮುದ್ದೆಯಾಗಿ ಹೋಗಿತ್ತು.

ಅಂದಿನಿಂದ ಬೆಳಿಗ್ಗೆ ನಿನ್ನ ಮಣೆಯ ಮೇಲೆ ನಾನು ಕೂರುತ್ತಿದ್ದೇನೆ. ಮೊದಲ ದಿನ ಕೈ ಹಠ ಹಿಡಿದು ಅದೇ ಹಳೆಯ ನಾಲ್ಕು ಮೂಲೆಯ ಪೆಟ್ಟಿಗೆಯನ್ನೇ ಮಾಡಿತು. ಮಾರನೆಯ ದಿನವೂ ಅದೇ. ನೀನು ಹೇಳುತ್ತಿದ್ದೆ, ‘ಚೆನ್ನಾಗಿರ್ಬೇಕು ಅಂತ ಕೂತ್ರೆ ನಿನ್ನೇದೇ ಬರುತ್ತೆ, ಬೇರೆ ಇರ್ಬೇಕು ಅಂತ ಕೂತ್ಕೊಳ್ಳಿ.’ ಕೆಲವು ದಿನ ಕಳೆದ ಮೇಲೆ ಬೇರೆಯದೊಂದು ಬಂತು. ಮಗಳು ತಿರುಗಿಸಿ ಮುರುಗಿಸಿ ನೋಡಿ, ‘ಇದು ಯಾವ ಪ್ರಾಣಿ?’ ಎಂದಳು. ಎಸೆಯಲು ಎತ್ತಿದ ಕೈಯನ್ನು ತಡೆದು, ಅದನ್ನು ಖಾಲಿ ಅಟ್ಟದ ಮೇಲಿಟ್ಟೆ. ಅಲ್ಲಿ ಅದೊಂದೇ ಕೂತಿದ್ದನ್ನು ನೋಡಿದಾಗ ನಾಚಿಕೆ ತಲೆಗೇರಿತು. ದೀಪ ಉಳಿಸಿದ ಆ ಒಂದು ಮಡಿಕೆ ನಿನಗೂ ಥಟ್ಟನೆ ಹೊಳೆದದ್ದಲ್ಲ, ಆ ಮೂರು ಚೀಲ ಸೊಟ್ಟವುಗಳ ಮೇಲೆ ಹತ್ತಿ ಹೋಗಿ ಕೈಗೆ ಸಿಕ್ಕಿದ್ದು. ನಾನು ಮೆಟ್ಟಿಲನ್ನೆಲ್ಲ ಮಾರಿ ಮಹಡಿ ಉಳಿಸಿಕೊಂಡ ಜಾಣ.

ತಂಗಿಗೆ ನನ್ನ ಆಶೀರ್ವಾದ ತಿಳಿಸು, ಮಂಡಿಯನ್ನು ಬೇಗ ವಾಸಿ ಮಾಡಿಕೊಳ್ಳಬೇಕೆಂದು ನಾನು ಅವಸರಪಡಿಸುವುದಿಲ್ಲ ಎಂದೂ ಹೇಳು. ಮಗಳು ನಿನ್ನ ಬಾಚಣಿಗೆ ಎಲ್ಲಿದೆ ಎಂದು ಕೇಳುತ್ತಿದ್ದಾಳೆ.

ನಿನ್ನ,
ಬಚ್ಚಲಂಗಡಿಯ ಮಾಲೀಕ

ಮರೆತಿದ್ದೆ: ನಿನ್ನೆ ಫಲಕ ಇಳಿಸಿಕೊಂಡು ಸಂಘಕ್ಕೆ ಹೋಗಿ, ಅದನ್ನು ಹಿಂದಿರುಗಿಸಿ, ಅವತ್ತು ಹೇಳಿದ್ದು ಸುಳ್ಳು, ಮಡಿಕೆ ನನ್ನ ಹೆಂಡತಿಯದು ಎಂದು ಹೇಳಿ ಬಂದೆ. ದೀಪದವರೂ ಅಲ್ಲೇ ಇದ್ದರು. ನಿನ್ನ ತಂಗಿಯ ಮನೆಯ ವಿಳಾಸ ಬರೆದುಕೊಟ್ಟಿದ್ದೇನೆ, ಈ ವಾರ ಸೊಟ್ಟ ದೀಪ ಹಿಡಿದು ನಿನ್ನ ಬಳಿಗೇ ಬರುತ್ತಾರೆ. ಕೆಲಸ ಒಪ್ಪಿದರೆ ನಿನ್ನ ಹೆಸರಲ್ಲೇ ಒಪ್ಪಿಕೋ. ಪೆಟ್ಟಿಗೆಯನ್ನು ನಮ್ಮ ಅಂಗಡಿಯಲ್ಲೇ ಮಾಡಿಸಬೇಕೆಂದಿಲ್ಲ, ಅವರಿಗೂ ಹಾಗೇ ಹೇಳಿದ್ದೇನೆ. ಕೊನೆಗೆ ಯಾರಿಗೆ ಏನು ಬಂತೆಂದರೆ: ರದ್ದಿಯವನಿಗೆ ಮೂರು ಚೀಲ. ದೀಪದವರಿಗೆ ವಿಳಾಸ. ಮಗಳಿಗೆ ಅಪ್ಪನನ್ನು ನೋಡಿ ನಗುವ ಸಲಿಗೆ. ನನಗೆ ಅಟ್ಟದ ಮೇಲೊಂದು ಯಾವುದೋ ಪ್ರಾಣಿ. ನಿನಗೆ ಇಲ್ಲಿಯವರೆಗೆ, ಬಾತುಕೋಳಿ ಎಂದು ನಾನು ನಕ್ಕ ನಗು.