ಒಂಬತ್ತು ನಂಬರಿನ ಬೂಟು

ಶಾಂತಕ್ಕಾ,

ಕ್ಷೇಮ ಕೇಳುವ ಮನಸ್ಸಿಲ್ಲ. ಸಿಟ್ಟಿನಲ್ಲಿ ಬರೆಯಲು ಕೂತಿದ್ದೇನೆ, ಆ ಸಿಟ್ಟಿನಲ್ಲಿ ನಿನಗೂ ಪಾಲಿದೆ. ನೀನಿದ್ದಿದ್ದರೆ "ಏ ಮಂಜೂ, ಸಾವಕಾಶ ಮಾತಾಡ, ಮಂದಿ ಕೇಳತಾರ" ಎನ್ನುತ್ತಿದ್ದೆ. ಕೇಳಲಿ. ಮಂದಿ ಕೇಳದೇ ಇದ್ದುದಕ್ಕೇ ಅಲ್ಲವೇ ಇಷ್ಟೆಲ್ಲ ಆದದ್ದು?

ನಾನು ಕೆಲಸಕ್ಕೆ ಸೇರಿದ ಮೊದಲ ದಿನ ನೆನಪಿದೆಯೇ? ಬೈರಿದೇವರಕೊಪ್ಪದ ಹೊಸ ಬಡಾವಣೆ, ಮಳೆನೀರಿನ ಗಟಾರದ ಹೂಳು ತೆಗೆಯುವ ಕೆಲಸ. ನನ್ನನ್ನೂ ಸೇರಿಸಿ ಹನ್ನೊಂದು ಹೆಂಗಸರು, ಎಲ್ಲರಿಗೂ ನೀನು ಹಿರಿಯಳು. ಗುತ್ತಿಗೆದಾರನ ಸೂಪರ್‌ವೈಸರ್ ಮಲ್ಲೇಶಿ ನನ್ನ ಮುಂದೆ ಒಂದು ಜೊತೆ ಕರಿ ಗಮ್‌ಬೂಟು ಎಸೆದ. ಒಂಬತ್ತು ನಂಬರು. ನನ್ನ ಕಾಲು ನಾಲ್ಕು ನಂಬರಿನದು. ಎರಡು ಹೆಜ್ಜೆ ಇಟ್ಟರೆ ಕಾಲು ಮುಂದೆ ಬರುತ್ತಿತ್ತು, ಬೂಟು ಅಲ್ಲೇ ನಿಲ್ಲುತ್ತಿತ್ತು. ನೀನು ನಗುತ್ತ ನನ್ನನ್ನು ಕಟ್ಟೆಯ ಮೇಲೆ ಕೂರಿಸಿ, ಹಳೆ ಸೀರೆಯ ಚಿಂದಿಯನ್ನು ಬೂಟಿನ ತುದಿಗೆ ತುರುಕಿ, ಕಣಕಾಲಿನ ಸುತ್ತ ಸೈಕಲ್ ಟ್ಯೂಬಿನ ತುಂಡು ಬಿಗಿದೆ. "ಹಿಂಗ ಕಟ್ಟಿದ್ರ ಮಧ್ಯಾಹ್ನದ ತನಕ ನಡೀತೈತಿ" ಎಂದೆ. ಅವತ್ತು ನಿನ್ನ ಜಾಣತನಕ್ಕೆ ಬೆರಗಾಗಿದ್ದೆ. ಈಗ ಆ ಜಾಣತನದ ಮೇಲೇ ಕೋಪ ಬರುತ್ತದೆ. ಹೊಂದಿಕೊಳ್ಳುವುದನ್ನು ಯಾಕೆ ಅಷ್ಟು ಚೆನ್ನಾಗಿ ಕಲಿಸಿದೆ ನಮಗೆ?

ಒಮ್ಮೆ ಕೇಳಿದ್ದೆ ನೀನು, ಅದನ್ನು ಮರೆತಿಲ್ಲ. ಕಳೆದ ವರ್ಷದ ಮಳೆಗಾಲ ಶುರುವಾಗುವ ಮುಂಚೆ, ಸ್ಟೋರಿನ ಬಾಗಿಲಲ್ಲಿ ನಿಂತು. "ಹೆಣ್ಮಕ್ಕಳ ಕಾಲಿಗೆ ಆಗೂವಂಥಾ ಬೂಟ ತರಸ್ರಿ ಮಲ್ಲೇಶಿಯವರ." ಅವನು ರಿಜಿಸ್ಟರಿನಿಂದ ತಲೆ ಎತ್ತದೆ ಹೇಳಿದ: "ಹೆಂಗಸರ ಸೈಜಿನಾಗ ಗಮ್‌ಬೂಟ ಮಾಡಂಗೇ ಇಲ್ಲವ್ವಾ. ಇದ್ರ ತರಸ್ತಿದ್ದಿಲ್ಲೇನು?" ನೀನು ತಲೆಯಾಡಿಸಿ ಹಿಂದಿರುಗಿದೆ. ನಾವು ಹತ್ತು ಜನ ನಿನ್ನ ಹಿಂದೆ ಹಿಂದಿರುಗಿದೆವು. ಒಬ್ಬರಾದರೂ "ಖರೇ ಏನು?" ಎಂದು ಕೇಳಿದ್ದರೆ...

ಅದೇ ಮಳೆಗಾಲದ ಆ ದಿನ ನಾವಿಬ್ಬರೇ ಗೋಕುಲ ರಸ್ತೆಯ ಹಿಂದಿನ ಗಟಾರಕ್ಕೆ ಇಳಿದಿದ್ದೆವು, ಉಳಿದವರು ಆಚೆ ತುದಿಯಲ್ಲಿದ್ದರು. ಬೆಳಿಗ್ಗೆಯೇ ಒಂದು ಜೋರು ಮಳೆ ಬಂದು ಹೋಗಿತ್ತು. ರಾಡಿ ಮೊಣಕಾಲಿಗೆ ಬರುತ್ತಿತ್ತು. ನಿನ್ನ ಎಡಗಾಲಿನ ಬೂಟು ರಾಡಿಯಲ್ಲಿ ಸಿಕ್ಕಿಕೊಂಡಿತು. ನೀನು ಎಳೆದುಕೊಂಡೆ, ಕಾಲು ಮಾತ್ರ ಹೊರಗೆ ಬಂತು. ತೂಕ ತಪ್ಪಿ ಆ ಬರಿಗಾಲನ್ನೇ ಕೆಳಗೆ ಇಟ್ಟೆ. ಮೇಲೆ ಹತ್ತಿ ನೋಡಿದರೆ ಅಂಗಾಲಿನಲ್ಲಿ ಬಾಟಲಿಯ ಗಾಜು. ನಾನು ಅಳುವುದಕ್ಕೆ ಶುರು ಮಾಡಿದೆ, ನೀನು ಗಾಜು ಕಿತ್ತು ಒಗೆದು ನಕ್ಕೆ. "ಯಾಕ ಅಳ್ತಿ? ನೋಡ, ನೋವ ಆಗವಲ್ದು."

ನೋವಾಗಲಿಲ್ಲ! ಹತ್ತು ವರ್ಷದಿಂದ ಶುಗರ್ ಇದ್ದ ಕಾಲಿಗೆ ನೋವು ಗೊತ್ತಾಗುವುದಿಲ್ಲ ಎಂದು ಆಮೇಲೆ ಡಾಕ್ಟರು ಹೇಳಿದರು. ನೋವಿಲ್ಲದ್ದಕ್ಕೇ ಹೆದರಬೇಕಿತ್ತು. ನನಗೆ ಗೊತ್ತಿರಲಿಲ್ಲ. ನಿನಗೆ? ಸೆರಗಿನ ಅಂಚು ಹರಿದು ಕಟ್ಟಿಕೊಂಡು, ನನ್ನ ಕೈ ಹಿಡಿದು ಹೇಳಿದೆ: "ಯಾರಿಗೂ ಹೇಳಬ್ಯಾಡ. ಮಗಳು ರೇಣುಕಾಗಂತೂ ಮೊದ್ಲೇ ಬ್ಯಾಡ. ಗೊತ್ತಾದ್ರ ಮಲ್ಲೇಶಿ ನಾಳಿಂದ ಬರಬ್ಯಾಡ ಅಂತಾನ." ನಾನು ಹೂಂ ಎಂದೆ. ಮರುದಿನ ನೀನು ಅದೇ ಬೂಟು ಹಾಕಿಕೊಂಡು ಬಂದೆ, ಗಾಯದ ಕಾಲನ್ನು ಅದರೊಳಗೇ ತುರುಕಿ. ನಾಲ್ಕು ದಿನ ಅದೇ ಕೊಳಚೆಯಲ್ಲಿ ನಿಂತೆ. ನಾನು ಪಕ್ಕದಲ್ಲೇ ಸಲಿಕೆ ಹಿಡಿದು ನಿಂತಿದ್ದೆ ಅಕ್ಕಾ. ನಾಲ್ಕು ದಿನ!

ಐದನೆಯ ದಿನ ನೀನು ಬರಲಿಲ್ಲ. ಆಸ್ಪತ್ರೆಯಲ್ಲಿ ನಿನ್ನ ಕಾಲು ಮೊಣಕಾಲಿನವರೆಗೆ ಬಾತು ಕಪ್ಪಾಗಿತ್ತು. "ಇಷ್ಟು ದಿನ ಏನ್ ಮಾಡ್ತಿದ್ರಿ?" ಎಂದು ಡಾಕ್ಟರು ರೇಣುಕಾಳನ್ನು ಗದರಿಸಿದರು. ಪಾಪದ ಹುಡುಗಿ, ಕಾಲೇಜಿನ ಬ್ಯಾಗು ಹೆಗಲಿಗೆ ಹಾಕಿಕೊಂಡೇ ನಿಂತಿದ್ದಳು, ಅವಳಿಗೆ ಏನು ಗೊತ್ತಿತ್ತು? ಗೊತ್ತಿದ್ದವಳು ನಾನು, ಗೋಡೆಗೆ ಒರಗಿ ಸುಮ್ಮನಿದ್ದೆ. ಆಸ್ಪತ್ರೆ ಸೇರಿದ ಮೂರನೆಯ ದಿನ ನೀನು ಹೋದೆ.

ನಿನ್ನ ದಿನಕರ್ಮವೂ ಮುಗಿದಿರಲಿಲ್ಲ. ಮಲ್ಲೇಶಿ ನಿಮ್ಮ ಮನೆಯ ಬಾಗಿಲಿಗೆ ಬಂದ. ಸಮಾಧಾನದ ಎರಡು ಮಾತು ಹೇಳಬಹುದು ಎಂದುಕೊಂಡೆ. "ಶುಗರ್ ಇದ್ದವರಿಗೆ ಹಿಂಗ ಆಗ್ತೈತಿ, ಯಾರೇನ್ ಮಾಡಾಕ ಬರ್ತೈತಿ" ಎಂದವನೇ, "ಸ್ಟೋರಿನ ಬೂಟ ನಿಮ್ಮಲ್ಲೇ ಉಳದಾವಲ್ರಿ, ವಾಪಸ್ ಕೊಟ್ಟಬಿಡ್ರಿ" ಎಂದ. ನೀನು ಸತ್ತದ್ದು ಅವನ ಲೆಕ್ಕಕ್ಕೆ ಬರಲಿಲ್ಲ, ಬೂಟು ಬಂತು! "ಹೆಣಾ ಎತ್ತಿದ ಅಂಗಳದಾಗ ನಿಂತ ಬೂಟ ಕೇಳತೀಯೇನೋ?" ಎಂದು ಕೂಗಿದೆ. ಅವನು ಹೋದ ಮೇಲೆ ರೇಣುಕಾ ನನ್ನ ಕಡೆ ತಿರುಗಿದಳು. "ಬೂಟಿಗೂ ಅವ್ವ ಹೋಗಿದ್ದಕ್ಕೂ ಏನ್ ಸಂಬಂಧ ಅತ್ತಿ?" ಆಗ ಹೇಳಿದೆ, ಎಲ್ಲವನ್ನೂ. ಅವಳು ಅಳಲಿಲ್ಲ, ಬೈಯಲೂ ಇಲ್ಲ. ಎದ್ದು ಒಳಗೆ ಹೋದಳು. ಅವತ್ತಿನಿಂದ ನನ್ನ ಜೊತೆ ಮಾತು ಬಿಟ್ಟಳು.

ಈ ವರ್ಷ ಬೇಸಿಗೆಯಲ್ಲಿ ಒಂದು ದಿನ ಗೋಕುಲ ರಸ್ತೆಯಲ್ಲಿ ನಡೆದು ಬರುತ್ತಿದ್ದೆ. ಕಾರ್ಖಾನೆಯವರಿಗೆ ಹೆಲ್ಮೆಟ್, ಬೂಟು ಮಾರುವ ಅಂಗಡಿ ಇದೆಯಲ್ಲ, ನಾವು ದಿನಾ ಸಲಿಕೆ ಬುಟ್ಟಿ ಹೊತ್ತುಕೊಂಡು ಅದರ ಮುಂದೆಯೇ ಹಾಯುತ್ತಿದ್ದೆವು. ಯಾಕೋ ಒಳಗೆ ಹೋದೆ. ಮುದುಕ ಅಂಗಡಿಕಾರ ಕೂತಿದ್ದ. "ಕಾಕಾ, ನನ್ನ ಕಾಲಿಗೆ ಆಗೂವಂಥಾ ಗಮ್‌ಬೂಟ ಐತೇನ್ರಿ?" ಅವನು ನನ್ನ ಪಾದ ನೋಡಿ, ಕೈ ಎತ್ತಿ ಹಲಗೆಯಿಂದ ಒಂದು ಡಬ್ಬಿ ತೆಗೆದ. ನಾಲ್ಕು ನಂಬರು. ಅಷ್ಟೇ ಅಕ್ಕಾ. ಕೈ ಎತ್ತಿ ತೆಗೆದ. "ಯಾವಾಗ್ಲೂ ಇರ್ತಾವಲ್ಲವಾ. ನಿಮ್ಮ ಕಡಿಯವರು ಯಾರೂ ಕೇಳೇ ಇಲ್ಲ" ಎಂದ.

ಡಬ್ಬಿ ಹಿಡಿದು ಅಲ್ಲೇ ನೆಲದ ಮೇಲೆ ಕೂತೆ. ಕಾಕಾ ನೀರು ಕೊಟ್ಟು, ನನ್ನ ಕಥೆ ಕೇಳಿ, ಆಮೇಲೆ ಅರ್ಧ ತಾಸು ನನಗೆ ಬೂಟು ನೋಡುವುದನ್ನು ಕಲಿಸಿದ. "ಹಿಮ್ಮಡ ಗಟ್ಟಿ ಹಿಡೀಬೇಕು, ಬೆರಳಿನ ಮುಂದ ಒಂದ ಬೆರಳ ಜಾಗಾ ಸಾಕು. ಮಡಚಿ ನೋಡ. ಬಿಳಿ ಗೆರಿ ಬಿದ್ರ ಆ ರಬ್ಬರ್ ಒಂದ ಮಳಿಗಾಲ ತಡಿಯಂಗಿಲ್ಲ. ತಳಾ ಒತ್ತ. ಒಳಗ ತಗಡ ಇದ್ದದ್ದ ತಗೋ, ಗಾಜ ಮೊಳಿ ಮ್ಯಾಲ ಬರಂಗಿಲ್ಲ. ನೀರ ಹೋಗತೈತೋ ಇಲ್ಲೋ ಅನ್ನೂದು, ಅರ್ಧ ಬಕೆಟ್ ನೀರಾಗ ಇಟ್ಟ ಒಳಗ ಕಾಗದ ಹಾಕಿ ನೋಡಿದ್ರ ತಿಳೀತೈತಿ." ಇಷ್ಟು ತಿಳಿಯುವುದಕ್ಕೆ ಒಂದು ಜೀವ ಹೋಗಬೇಕಿತ್ತೇ?

ಮಳೆಗೆ ಮುಂಚಿನ ಕೆಲಸ ಶುರುವಾದ ದಿನ ನಾವು ಗಟಾರಕ್ಕೆ ಇಳಿಯಲಿಲ್ಲ. ಹತ್ತೂ ಜನ ದಂಡೆಯ ಮೇಲೆ ಕೂತೆವು. ಗುತ್ತಿಗೆದಾರನೇ ಬಂದ. "ಒಬ್ಬೊಬ್ಬರಿಗೆ ಒಂದೊಂದ ನಂಬರ್ ತರಾಕ ಇದೇನ್ ಮದಿವಿ ಬಟ್ಟಿ ಬಸ್ತಾ ಏನು?" ಎಂದ. ನಾನು ಕಾಕಾನ ಅಂಗಡಿಯಿಂದ ಕೊಂಡಿದ್ದ ನಾಲ್ಕು ನಂಬರಿನ ಬೂಟನ್ನು ಅವನ ಕಾರಿನ ಮೇಲೆ ಇಟ್ಟೆ. "ಮಾಡಂಗೇ ಇಲ್ಲ ಅಂದಿದ್ರಿ. ಇದನ್ಯಾರ ಮಾಡ್ಯಾರ್ರಿ?" ಮೂರು ದಿನ ಕೂತೆವು. ನಾಲ್ಕನೆಯ ದಿನ ಮೋಡ ಕವಿದದ್ದು ಕಂಡು ಅವರಿಗೇ ದಿಗಿಲಾಗಿ ಒಪ್ಪಿದರು. ಪೇಪರಿನ ಮೇಲೆ ಎಲ್ಲರ ಪಾದದ ಗುರುತು ಬರೆದು ಅಳತೆ ಕೊಟ್ಟೆ. ಬಂದ ಬೂಟುಗಳಲ್ಲಿ ಎರಡು ಜೊತೆ ಸೋರುತ್ತಿದ್ದವು, ವಾಪಸ್ ಕಳಿಸಿದೆ. ಎಲ್ಲರೂ ನನಗೆ ಶಹಬ್ಬಾಸ್ ಎಂದರು. ನನಗೆ ಖುಷಿಯಾಗಲಿಲ್ಲ. ಮೂರೇ ದಿನ ಅಕ್ಕಾ. ನೀನಿದ್ದಾಗ ಮೂರು ದಿನ ಕೂತಿದ್ದರೆ...

ನಿನ್ನೆ ರೇಣುಕಾ ಬಂದಿದ್ದಳು. ಬಾಗಿಲಲ್ಲೇ ನಿಂತಳು, ಕುಡಿಯಲು ನೀರು ಕೊಟ್ಟರೆ ಮುಟ್ಟಲಿಲ್ಲ. ಕಾರ್ಮಿಕ ಕಚೇರಿಗೆ ಅರ್ಜಿ ಹಾಕಿದ್ದಾಳಂತೆ. "ಅವ್ವ ಶುಗರ್‌ನಿಂದ ಸತ್ತಾಳ, ಕೆಲಸಕ್ಕೂ ಅದಕ್ಕೂ ಸಂಬಂಧ ಇಲ್ಲ ಅಂತ ಗುತ್ತಿಗೆದಾರರು ಬರದ ಕೊಟ್ಟಾರ. ಗಾಜ ಚುಚ್ಚಿದ್ದ ನೋಡಿದವರು ನೀವೊಬ್ಬರೇ. ಸೋಮವಾರ ವಿಚಾರಣಿ ಐತಿ, ಬಂದ ಹೇಳ್ರಿ."

"ನಾ ಮುಚ್ಚಿಟ್ಟದ್ದನ್ನೂ ಹೇಳಬೇಕಾಗ್ತೈತಿ, ರೇಣುಕಾ" ಎಂದೆ.

"ಹೇಳ್ರಿ. ನಾ ನಿಮ್ಮನ್ನ ಕ್ಷಮಿಸಾಕ ಬಂದಿಲ್ಲ, ಕರಿಯಾಕ ಬಂದೇನಿ."

ಎಷ್ಟು ನೆಟ್ಟಗೆ ನಿಂತು ಹೇಳಿದಳು ಗೊತ್ತೇ? ಇವತ್ತು ಬೆಳಿಗ್ಗೆ ಮಲ್ಲೇಶಿ ಹೇಳಿ ಕಳಿಸಿದ್ದಾನೆ, ಸಾಕ್ಷಿ ಹೇಳಿದರೆ ನನಗೆ ಕೆಲಸ ಇಲ್ಲವಂತೆ. ಹೇಳುತ್ತೇನೆ. ನಿನ್ನ ಮಾತು ಮೀರಿ, ಎಲ್ಲರ ಎದುರು, ಸಾವಕಾಶವಾಗಿ ಅಲ್ಲ. ಸೋಮವಾರ ಹತ್ತು ಗಂಟೆಯ ಸಿಟಿ ಬಸ್ಸಿಗೆ ನಾನೂ ನಿನ್ನ ಮಗಳೂ ಹೋಗುತ್ತೇವೆ. ಅವಳು ನನ್ನ ಪಕ್ಕದ ಸೀಟಿನಲ್ಲಿ ಕೂರುವುದಿಲ್ಲ ಎಂದು ಗೊತ್ತು. ಆದರೂ ಒಂದೇ ಬಸ್ಸು.

ಮಂಜುಳಾ