ಎಡಗೈ ಎತ್ತಿದವರು

ಫೆ. 3, ಮಂಗಳವಾರ
ಇವತ್ತೂ ಅದೇ. ಇಂಗ್ಲಿಷಿನಲ್ಲಿ ನೋಟ್ಸ್ ಬರೆಸಿದೆ, ಬಾಗಿಲು ಮುಂದೆ ಮಾಡಿಕೊಂಡು ಕನ್ನಡದಲ್ಲಿ ಅರ್ಥ ಹೇಳಿದೆ. ಏಳು ವರ್ಷದಿಂದ ಹೀಗೇ ನನ್ನ ಬಾಟನಿ ಪಾಠ. ಆಮೇಲೆ ಪ್ರಿನ್ಸಿಪಾಲ್ ಚಂದ್ರಮೋಹನ್ ಕರೆಸಿದರು. ಸೋಮವಾರ ಇಂಗ್ಲಿಷ್ ಮೀಡಿಯಂ ಪಾಠದ ತಪಾಸಣೆಗೆ ಬರುವ ಕಮಿಟಿಯವರು ನನ್ನ ಕ್ಲಾಸಿನಲ್ಲಿ ಕೂರುತ್ತಾರಂತೆ.
"ವಾಣಿಶ್ರೀ ಅವ್ರೇ, ಒಂದ್ ಕನ್ನಡ ಪದ ಬಂದ್ರೂ ಮುಂದಿನ್ ವರ್ಷ ನಿಮ್ ಕೆಲ್ಸ ನನ್ ಕೈಲಿಲ್ಲ."
ಗೆಸ್ಟ್ ಲೆಕ್ಚರರ್ ಹಣೆಬರಹ.

ಫೆ. 5
ರಿಹರ್ಸಲ್. ಪಾಠ: ಮಾವಿನ ಕಸಿ. ಐದು ಪ್ರಶ್ನೆ, ಐದು ಉತ್ತರ, ಎಲ್ಲ ಬಾಯಿಪಾಠ. ಕಮಿಟಿಯ ಮುಂದೆ ಎಲ್ಲರೂ ಕೈ ಎತ್ತಬೇಕು — ಉತ್ತರ ಬರುವವರು ಬಲಗೈ, ಬಾರದವರು ಎಡಗೈ. ನಾನು ಬಲಗೈಯವರನ್ನೇ ಕೇಳುತ್ತೇನೆ. ನಾಚಿಕೆಯಾಯಿತು. ಆದರೂ ಕಲಿಸಿದೆ.
ಕೊನೆಯ ಬೆಂಚಿನ ಪವಿತ್ರ ಎದ್ದಳು. ಶ್ರೀನಿವಾಸಪುರದ ಹುಡುಗಿ, ಅಪ್ಪ ನರ್ಸರಿಯಲ್ಲಿ ಕಸಿ ಕಟ್ಟುವವರು.
"ಮಿಸ್, ಕನ್ನಡದಲ್ಲಿ ಗೊತ್ತೈತೆ, ಇಂಗ್ಲಿಷಲ್ಲಿ ಬರಲ್ಲ ಅಂದ್ರೆ ಯಾವ್ ಕೈ?"
"ಎಡಗೈ ಕಣೇ. ಕೂತ್ಕೋ!"
ಸುಮ್ಮನೆ ರೇಗಿಬಿಟ್ಟೆ.

ಫೆ. 9, ಸೋಮವಾರ, ಸಂಜೆ 5
ಕಮಿಟಿ ಬಂದು ಹೋಯಿತು.
ಐದೂ ಪ್ರಶ್ನೆ ಸರಾಗ. ಆಮೇಲೆ ಕಮಿಟಿಯ ಹಿರಿಯ ಮೇಡಂ ತಾವೇ ಇಂಗ್ಲಿಷಿನಲ್ಲಿ ಕೇಳಿದರು — ಕಟ್ಟಿದ ಕಸಿ ಯಾಕೆ ಒಣಗುತ್ತದೆ? ಅದು ನಮ್ಮ ಐದರಲ್ಲಿ ಇರಲಿಲ್ಲ.
ಮೂವತ್ತೆರಡು ಕೈ ಮೇಲೆದ್ದವು. ಎಲ್ಲ ಎಡಗೈ.
"ಅಯಿಪಾಯೆ" ಎಂದು ಮುಂದಿನ ಬೆಂಚಿನಲ್ಲಿ ಯಾರೋ ತೆಲುಗಿನಲ್ಲಿ ಪಿಸುಗುಟ್ಟಿದರು. ನಾನೂ ಅಂದುಕೊಂಡೆ, ಮುಗೀತು. ಮೇಡಂ ಕಾಯುತ್ತಿದ್ದಾರೆ. ಬಾಗಿಲಲ್ಲಿ ಪ್ರಿನ್ಸಿಪಾಲ್ ಕಣ್ಣು ಬಿಡುತ್ತಿದ್ದಾರೆ. ಪವಿತ್ರಳ ಕೈ ಎಲ್ಲರಿಗಿಂತ ಮೇಲೆ...
"ಪವಿತ್ರ, ಕನ್ನಡದಲ್ಲೇ ಹೇಳಮ್ಮ."
ಅಂದೇಬಿಟ್ಟೆ!
ಅವಳು ಎರಡು ಪೆನ್ನು ಜೋಡಿಸಿ ಹಿಡಿದಳು. "ಸಿಪ್ಪೆ ಕೆಳಗಿನ ಹಸಿರು ಒಂದಕ್ಕೊಂದು ಕೂಡ್ಬೇಕು ಮಿಸ್. ಸಂದು ಬಿಟ್ರೆ ಗಾಳಿ ಆಡ್ತೈತೆ, ಕಡ್ಡಿ ಒಣಗೋಗ್ತೈತೆ. ಅದಕ್ಕೇ ನಮ್ಮಪ್ಪ ಪ್ಲಾಸ್ಟಿಕ್ ಬಿಗಿಯಾಗಿ ಸುತ್ತೋದು."
ಮೇಡಂ ಏನೋ ಬರೆದುಕೊಂಡರು. ನಗಲಿಲ್ಲ. ನನಗೆ ಮಾತ್ರ, ಆ ಹೆದರಿಕೆಯಲ್ಲೂ, ಹೆಮ್ಮೆಯಾಯಿತು.

ಫೆ. 13, ಶುಕ್ರವಾರ
ನಾಲ್ಕು ದಿನದಿಂದ ಪ್ರಿನ್ಸಿಪಾಲ್ ಮಾತಾಡಿಸಿಲ್ಲ. ಇವತ್ತು ಮುಂದಿನ ವರ್ಷದ ಪಟ್ಟಿ ನೋಟಿಸ್ ಬೋರ್ಡಿಗೆ ಬಂತು. ನೋಡುವ ಧೈರ್ಯವಾಗದೆ ನೇರ ಕ್ಲಾಸಿಗೆ ಹೋದೆ. ಬಾಗಿಲು ತೆರೆದಿಟ್ಟೇ ಕನ್ನಡದಲ್ಲಿ ಪಾಠ ಮಾಡಿದೆ. ಪವಿತ್ರ ತಲೆ ಎತ್ತಲಿಲ್ಲ. ಬೆಲ್ ಆದ ಮೇಲೆ ಹತ್ತಿರ ಬಂದಳು, ಕಣ್ಣು ಕೆಂಪಗಿತ್ತು.
"ಪಟ್ಟಿ ನೋಡ್ಕೊಂಡ್ ಬಂದೆ ಮಿಸ್. ನಿಮ್ ಹೆಸ್ರಿಲ್ಲ. ಅವತ್ತು ನಾನು ಕೈ ಎತ್ಬಾರ್ದಾಗಿತ್ತು."
ನನ್ನ ಬಾಯಿಗೆ ಕನ್ನಡವೂ ಬರಲಿಲ್ಲ, ಇಂಗ್ಲಿಷೂ ಬರಲಿಲ್ಲ. ಅವಳು ಹೊರಟುಹೋದಳು. ಸೋಮವಾರ ಮೊದಲ ಪೀರಿಯಡ್ಡಿನಲ್ಲೇ, ಎಲ್ಲರ ಮುಂದೆ ಹೇಳಬೇಕು. ಪವಿತ್ರ, ಅವತ್ತು ನೀನು ಎತ್ತಬೇಕಾಗಿದ್ದದ್ದು ಬಲಗೈ ಕಣೇ.