ಹಸಿ ಬಣ್ಣದ ಪಾದ

ಬ್ರೂಜ್ ಊರಿನ ಚಿತ್ರಗಾರ ಲೀವೆನ್ ಮೇಷ್ಟ್ರಿಗೆ, ಜಿನೋವಾ ಕಡಲ ದಂಡೆಯಿಂದ ಕೋಳಿ ಸಾಕುವ ಒರಿಯೆತ್ತಾಳ ನಮಸ್ಕಾರ.

ನನಗೆ ಅಕ್ಷರ ಬಾರದು. ನಮ್ಮ ಪಾದ್ರಿಗಳು ಬರೆದುಕೊಡುತ್ತಿದ್ದಾರೆ. ನಡುನಡುವೆ ಮುಖ ಸಿಂಡರಿಸುತ್ತಿದ್ದಾರೆ, ಸಿಂಡರಿಸಲಿ. ಏಳು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನು ಇವತ್ತು ಹೇಳಿಯೇ ತೀರುತ್ತೇನೆ.

ನೀವು ನಮ್ಮ ಇಗರ್ಜಿಯ ಪೀಠಕ್ಕೆ ಮಾತೆ ಮರಿಯಳ ಚಿತ್ರ ಬರೆಯಲು ಬಂದಾಗ ನಿಮ್ಮನ್ನು ಕಂಡರೆ ನನಗೆ ಮೈಯೆಲ್ಲ ಉರಿ. ನಮ್ಮ ಕಡೆ ಬಣ್ಣ ಕಲಸುವುದು ಮೊಟ್ಟೆಯ ಹಳದಿಯಲ್ಲಿ. ಅಜ್ಜಿಯ ಕಾಲದಿಂದ ಚಿತ್ರಗಾರರಿಗೆ ಮೊಟ್ಟೆ ನಮ್ಮ ಮನೆಯದೇ. ನೀವೋ ಅಗಸೆ ಎಣ್ಣೆಯ ಬುಡ್ಡಿ ಹಿಡಿದು ಬಂದಿರಿ. "ದೇವಮಾತೇನ ಎಣ್ಣೇಲಿ ಕರೀತಾನಂತೆ ಈ ಪರದೇಶಿ" ಎಂದು ನಾನು ಬಾವಿಕಟ್ಟೆಯಲ್ಲಿ ಆಡಿದ ಮಾತಿಗೆ ಊರೆಲ್ಲ ನಕ್ಕಿತ್ತು.

ಹಬ್ಬಕ್ಕೆ ಎಂಟು ದಿನ ಇರುವಾಗ, ನೀವು ಊಟಕ್ಕೆ ಹೋದ ಹೊತ್ತು ನೋಡಿ, ಆಡಿಕೊಳ್ಳಲು ಇನ್ನಷ್ಟು ಸಿಗಲಿ ಎಂದೇ ಇಗರ್ಜಿಯೊಳಗೆ ಬಂದೆ. ಪರದೆ ಸರಿಸಿದವಳು ಹಾಗೇ ನಿಂತುಬಿಟ್ಟೆ. ಅಯ್ಯೋ ಮೇಷ್ಟ್ರೇ, ಅದೇನು ಬರೆದಿದ್ದಿರಿ! ಅವಳು ಉಸಿರಾಡುತ್ತಿದ್ದಳು. ನಾನು ಹುಟ್ಟಿದಾಗಿನಿಂದ ಕಂಡ ಮಾತೆಯರಿಗೆಲ್ಲ ಮೇಣದಂಥ ಪಾದ. ಇವಳ ಹಿಮ್ಮಡಿ ಒಡೆದಿತ್ತು, ಬೆರಳ ಸಂದಿಯಲ್ಲಿ ಧೂಳಿತ್ತು. ಮಗುವನ್ನೆತ್ತಿಕೊಂಡು ಈಜಿಪ್ಟಿಗೆ ಓಡಿದವಳ ಪಾದ ಇನ್ನು ಹೇಗಿದ್ದೀತು? ಇಷ್ಟು ವರ್ಷ ನಮ್ಮಲ್ಲಿ ಯಾರಿಗೂ ಹೊಳೆಯದ್ದು ನಿಮಗೆ ಹೊಳೆದಿತ್ತು. ನನಗೆ ಅಳು ಒತ್ತರಿಸಿ ಬಂತು. ಬಗ್ಗಿ ಆ ಪಾದಕ್ಕೆ ಮುತ್ತಿಟ್ಟೆ.

ಮೊಟ್ಟೆಯ ಬಣ್ಣ ಒಂದು ಜಪ ಮುಗಿಯುವಷ್ಟರಲ್ಲಿ ಒಣಗುತ್ತದೆ. ಎಣ್ಣೆಯದು ದಿನಗಟ್ಟಲೆ ಹಸಿಯಿರುತ್ತದೆಂದು ನನಗೇನು ಗೊತ್ತು? ತಲೆಯೆತ್ತಿದಾಗ ಮಾತೆಯ ಹೆಬ್ಬೆರಳು ಅಳಿಸಿಹೋಗಿತ್ತು, ನಿಲುವಂಗಿಯ ಅಂಚಿನ ಕೆಂಪು ನನ್ನ ತುಟಿಗೆ ಬಂದಿತ್ತು. ಬಾಗಿಲಲ್ಲಿ ನೀವು ನಿಂತಿದ್ದಿರಿ. ನನ್ನ ತುಟಿ ನೋಡಿದಿರಿ, ಪಾದ ನೋಡಿದಿರಿ. ಬೈಯಲಿಲ್ಲ. ಬಟ್ಟೆಯ ಚೂರೊಂದನ್ನು ಕೈಗಿಟ್ಟು, ಒರೆಸಿಕೋ ಎಂದು ಸನ್ನೆ ಮಾಡಿದಿರಿ.

ಅಷ್ಟರಲ್ಲಿ ಇಗರ್ಜಿಯ ಯಜಮಾನ ಒಬೆರ್ತೊ ಊರ ಹಿರಿಯರೊಡನೆ ಬಂದ. ಕೆಟ್ಟ ಪಾದ ಕಂಡವನೇ, ಎಣ್ಣೆ ಬಣ್ಣ ನಿಲ್ಲುವುದಿಲ್ಲವೆಂದು ತಾನು ಮೊದಲೇ ಹೇಳಿರಲಿಲ್ಲವೇ ಎಂದು ಕೂಗಾಡಿದ. ಮಾತೆಯ ಎಡಬಲಕ್ಕೆ ನೀವೇ ಚಿತ್ರ ಬರೆಯಬೇಕಿದ್ದ ಎರಡು ಹಲಗೆಗಳನ್ನು ಇನ್ನು ನಿಮ್ಮ ಕೈಗೆ ಕೊಡುವುದಿಲ್ಲವೆಂದ. ಅರೆಬರೆ ಕಲಿತಿದ್ದ ನಮ್ಮ ಮಾತಿನಲ್ಲಿ ನೀವು ಹೇಳಿದಿರಿ: "ತಪ್ಪು ನಂದು." ನಾನು ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ, ಮೊಟ್ಟೆ ವ್ಯಾಪಾರ ಹೋದ ಹೊಟ್ಟೆಕಿಚ್ಚಿಗೆ ಬೇಕೆಂದೇ ಕೆಡಿಸಿದಳು ಎನ್ನುತ್ತಿದ್ದರು. ನೀವು ಪಾದ ತಿದ್ದಿ, ಹಬ್ಬಕ್ಕೂ ನಿಲ್ಲದೆ ಹಡಗು ಹತ್ತಿದಿರಿ.

ಹೋದ ಭಾನುವಾರ ಬಲಿಪೂಜೆಗೆ ಮುಂಚೆ ಒಬೆರ್ತೊ ಬಂದು, ಆ ಹಲಗೆಗಳಿಗೆ ಸವೋನಾದ ಚಿತ್ರಗಾರ ಬರುತ್ತಾನೆ, ಮೊಟ್ಟೆ ಒದಗಿಸು ಎಂದ. ಏಳು ವರ್ಷ ಕಾದಿದ್ದ ಮಾತು ಅದು. ಆದರೆ ನನ್ನಿಂದ ನಿಮ್ಮ ಕೈತಪ್ಪಿದ ಕೆಲಸಕ್ಕೆ ಮೊಟ್ಟೆ ಕೊಡಲು ಮನಸ್ಸು ಒಪ್ಪಲಿಲ್ಲ. ಪೂಜೆ ಮುಗಿದೊಡನೆ ಊರೆಲ್ಲ ಕೇಳುವಂತೆ ಹೇಳಿಬಿಟ್ಟೆ: "ಆ ಪಾದ ಕೆಡಿಸಿದ್ದು ನಾನು. ದೇವಮಾತೆ ಎದುರಿಗೇ ಬಂದ್ಲು ಅನ್ನಿಸ್ತು, ಮುತ್ತಿಟ್ಟೆ. ಮೇಷ್ಟ್ರು ನನ್ನನ್ನ ಉಳಿಸೋಕೆ ತಪ್ಪು ತಮ್ಮ ಮೇಲೆ ಹಾಕ್ಕೊಂಡ್ರು."

ಒಬೆರ್ತೊ ಪೀಠದ ಬಳಿ ಹೋಗಿ ಆ ಒಡೆದ ಹಿಮ್ಮಡಿಯನ್ನು ತುಂಬ ಹೊತ್ತು ನೋಡಿದ. ಮಂಡಿಯೂರಿದ. ಎದ್ದು, ನನ್ನತ್ತ ತಿರುಗದೆಯೇ ಅಂದ: "ಅವನಿಗೆ ಕಾಗದ ಬರೆಸು."

ಬರೆಸಿದ್ದೇನೆ. ಹಲಗೆಗಳೆರಡೂ ಬೋಳಾಗಿಯೇ ಇವೆ ಮೇಷ್ಟ್ರೇ. ನೀವು ಬರುವ ತನಕ ಯಾರಿಗೂ ಮುಟ್ಟಲು ಬಿಡುವುದಿಲ್ಲ.

ಆ ತಾಯಿ ನಿಮ್ಮ ಕೈಯನ್ನೂ ಕಣ್ಣನ್ನೂ ಕಾಯಲಿ, ಸುಖವಾಗಿ ನಮ್ಮ ದಡ ಮುಟ್ಟಿಸಲಿ.

ನಿಮ್ಮ ಮುಂದೆ ತಲೆ ತಗ್ಗಿಸಿ,
ಒರಿಯೆತ್ತಾ